ಹಲಸಿನ ರೆಕ್ಕೆ

ಸ್ಟೀಲ್ ಪಟ್ಟಿಯನ್ನು ಮತ್ತೊಮ್ಮೆ ಇಟ್ಟು ನೋಡಿದೆ. ಅದೇ ಉತ್ತರ ಬಂತು. ಐನೂರ ಹತ್ತೂವರೆ ಮಿಲಿಮೀಟರ್.

“ಏನರೆ ತಪ್ಪಾಗೇತೇನ್ರಿ?” ಎಂದು ಶ್ರೀಶೈಲ ಕೇಳಿದರು. ದನಿ ಸಲೀಸಾಗಿಯೇ ಇತ್ತು, ಕೈ ಮಾತ್ರ ಮೇಜಿನ ಅಂಚು ಬಿಟ್ಟಿರಲಿಲ್ಲ.

ತಪ್ಪು ಕೈಗೆ ಸಿಕ್ಕಾಗ ಬಾಯಿ ಮುಚ್ಚಿಕೊಂಡಿರುವುದು ನನ್ನ ಹಳೆಯ ಚಟ. ಇಪ್ಪತ್ತಾರು ವರ್ಷ ವಿಮಾ ಸರ್ವೇಯರ್ ಆಗಿ ಸುಟ್ಟ ಗೋದಾಮು, ಮುಳುಗಿದ ಬಾರ್ಜುಗಳನ್ನು ಅಳೆದವಳು ನಾನು, ಧಾರವಾಡದ ಪ್ರತಿಮಾ. ಈಗ ವಾಸ್ಕೋದಲ್ಲಿ ಖಾಸಗಿ ಪತ್ತೇದಾರಿಕೆ ಮಾಡುತ್ತ ಬೇರೆಯವರ ಸುಳ್ಳುಗಳನ್ನು ಅಳೆಯುತ್ತೇನೆ. ಮನುಷ್ಯರಿಗಿಂತ ಪಟ್ಟಿಯನ್ನು ಹೆಚ್ಚು ನಂಬುವ ಹೆಂಗಸು ಎಂದು ನನ್ನ ತಂಗಿ ಆಡಿಕೊಳ್ಳುತ್ತಾಳೆ, ಆಡಿಕೊಳ್ಳಲಿ.

ಪಣಜಿಯ ಆ ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ನಾವಿಬ್ಬರೇ ಇದ್ದೆವು. ಕೆಳಗೆ ನಲ್ಲಿ, ಮೊಳೆ, ಪೇಂಟಿನ ಡಬ್ಬಿ. ಮೇಲೆ ಗಾಜಿನ ಪೆಟ್ಟಿಗೆಗಳಲ್ಲಿ ಪುಟ್ಟ ಪುಟ್ಟ ವಿಮಾನಗಳು. ಬೆಳಗಾವಿಯಿಂದ ಬಂದು ಮೂರು ತಲೆಮಾರು ಕಬ್ಬಿಣ ಮಾರಿದ ಮನೆತನದ ಶ್ರೀಶೈಲರಿಗೆ ಐವತ್ತು ದಾಟಿದ ಮೇಲೆ ಈ ಹುಚ್ಚು ಹಿಡಿದಿದೆ. ಬರುವ ತಿಂಗಳು ಎಲ್ಲವನ್ನೂ ಪ್ರದರ್ಶನಕ್ಕೆ ಇಡುತ್ತಾರಂತೆ.

ನಡುವಿನ ಮೇಜಿನ ಮೇಲೆ ಇದ್ದದ್ದು ಡೆಲಾನ್ ಹತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿನವರು ಪ್ರಯೋಗಕ್ಕೆಂದು ಕಟ್ಟಿದ ಕಾಳಗದ ವಿಮಾನದ ಮಾದರಿ, ಅಸಲಿನ ಇಪ್ಪತ್ತರಲ್ಲೊಂದು ಪಾಲು. ಮುಂದೊಂದು ಜೋಡಿ ರೆಕ್ಕೆ, ಹಿಂದೊಂದು ಜೋಡಿ ರೆಕ್ಕೆ. ಬಾಲದ ಹತ್ತಿರ, ಹಿಂದಕ್ಕೆ ಮುಖ ಮಾಡಿ ಕೂರುವ ಬಂದೂಕಿನವನಿಗೊಂದು ಗಾಜಿನ ಗೂಡು.

ಅಸಲು ವಿಮಾನ ಕಟ್ಟಿದ್ದು ಒಂದೇ ಒಂದು. ಅದು ಮುಗಿಯುವಷ್ಟರಲ್ಲಿ ಶತ್ರು ಒಳಗೆ ಬಂದಾಗಿತ್ತು, ಮೊದಲ ಸಲ ಅದು ಹಾರಿದ್ದೂ ಅವನ ಕಾವಲಿನಲ್ಲೇ. ಯಾರನ್ನು ಕಾಯಲೆಂದು ಕಟ್ಟಿದರೋ ಅವರಿಗೆ ಅದು ಒಂದು ದಿನವೂ ಒದಗಲಿಲ್ಲ. ಶ್ರೀಶೈಲರು ಇದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಕಬ್ಬಿಣದ ವ್ಯಾಪಾರಿಗೆ ಇಷ್ಟು ಮೆತ್ತನೆಯ ಮನಸ್ಸೇ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಅದೇ ವಿಮಾನದ ಮಾದರಿ ಮಾಡಿಕೊಡಲು ಅವರು ವಾಸ್ಕೋದ ಸಡಾ ಗುಡ್ಡದ ದೇವಲಪ್ಪ ಬಡಿಗೇರನಿಗೆ ಹೇಳಿದ್ದರು. ದೇವಲಪ್ಪ ಗುಡ್ಡದ ಮೆಟ್ಟಿಲಿನಿಂದ ಬಿದ್ದು ಸತ್ತು ಇವತ್ತಿಗೆ ಇಪ್ಪತ್ತು ದಿನ. ಅವತ್ತು ಅವನು ಪಣಜಿಗೆ ಒಯ್ಯಲೆಂದು ಹಿಡಿದುಕೊಂಡಿದ್ದ ವಿಮಾನ ಮಾಯವಾಯಿತು, ಬಂದರಿನಲ್ಲಿ ಕೂಲಿ ಮಾಡುವ ಅಳಿಯ ಹುಲಿಗೆಪ್ಪ ಕಳವು ಮತ್ತು ಕೊಲೆಯ ಆರೋಪದಲ್ಲಿ ಒಳಗೆ ಹೋದ. ನಾಳೆ ಹನ್ನೊಂದಕ್ಕೆ ಅವನ ಜಾಮೀನಿನ ವಿಚಾರಣೆ. ಗಂಡನನ್ನು ಬಿಡಿಸಿಕೊಡಿ ಎಂದು ನನ್ನ ಬಳಿ ಬಂದವಳು ದೇವಲಪ್ಪನ ಒಬ್ಬಳೇ ಮಗಳು ಶೈಲಾ.

ಶ್ರೀಶೈಲರ ಮಾತು ಬೇರೆ. ದೇವಲಪ್ಪನ ವಿಮಾನ ತಮ್ಮ ಕೈ ಸೇರಲೇ ಇಲ್ಲ, ಇದು ಫ್ರಾನ್ಸಿನ ಕುಶಲಕರ್ಮಿಯೊಬ್ಬನಿಂದ ತರಿಸಿದ್ದು ಎಂದು ಪೊಲೀಸರಿಗೂ ಹೇಳಿದ್ದಾರೆ, ನನಗೂ ಹೇಳಿದರು. ಮಾದರಿಯ ಪಕ್ಕದ ಚೀಟಿಯಲ್ಲಿ ಮುಂದಿನ ರೆಕ್ಕೆಯ ಅಗಲ ಐನೂರ ಐದೂವರೆ ಮಿಲಿಮೀಟರ್ ಎಂದು ಚೆಂದವಾಗಿ ಅಚ್ಚಾಗಿತ್ತು.

ನನ್ನ ಪಟ್ಟಿ ಐದು ಹೆಚ್ಚು ತೋರಿಸುತ್ತಿತ್ತು. ಹಿಂದಿನ ರೆಕ್ಕೆ ಅಳೆದೆ, ಮೈ ಅಳೆದೆ, ಬಾಲ ಅಳೆದೆ. ಎಲ್ಲವೂ ನೂರಕ್ಕೆ ಒಂದರಷ್ಟು ದೊಡ್ಡವು. ಕೈತಪ್ಪಿನಿಂದ ಆದದ್ದಾಗಿದ್ದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರಬೇಕಿತ್ತು.

ಹೋದ ವಾರ ಶೈಲಾ ತನ್ನ ಅಪ್ಪನ ಒಂದು ಸಂಗತಿ ಹೇಳಿ ಅಳುತ್ತಲೇ ನಕ್ಕಿದ್ದಳು. ದೇವಲಪ್ಪ ಹಡಗು ರಿಪೇರಿ ಮಾಡುವ ಕಾರ್ಖಾನೆಯೊಂದರ ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಮರದ ಮಾದರಿ ಕೆತ್ತಿದವನು. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ, ಉಳಿದ ಗುಳಿಯಲ್ಲಿ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅದಕ್ಕೇ ಮಾದರಿಯನ್ನು ಅಷ್ಟು ದೊಡ್ಡದಾಗಿ ಕೆತ್ತಬೇಕು.

ಪ್ರತಿ ಸಲ ಲೆಕ್ಕ ಹಾಕುತ್ತ ಕೂತರೆ ಕೆಲಸ ಸಾಗುವುದಿಲ್ಲ. ಹಾಗಾಗಿ ಆ ಬಡಿಗರ ಅಳತೆಪಟ್ಟಿಯನ್ನೇ ಹಿಗ್ಗಿಸಿ ಮಾಡಿರುತ್ತಾರೆ. ನೋಡಲು ಎಲ್ಲ ಪಟ್ಟಿಯ ಹಾಗೆಯೇ ಇರುತ್ತದೆ, ಆದರೆ ಅದರ ಹತ್ತು ಸೆಂಟಿಮೀಟರ್ ನಿಜಕ್ಕೂ ಹತ್ತರ ಮೇಲೆ ಒಂದು ಮಿಲಿಮೀಟರ್. ದೇವಲಪ್ಪ ಕೆಲಸದಿಂದ ನಿವೃತ್ತನಾದರೂ ಆ ಮಡಿಸುವ ಮರದ ಪಟ್ಟಿಯನ್ನು ಬಿಡಲಿಲ್ಲ. ಮನೆಯ ಕದ, ಮೊಮ್ಮಕ್ಕಳಿಗೆಂದು ಮೊದಲೇ ಮಾಡಿಟ್ಟ ತೊಟ್ಟಿಲು, ದೇವರ ಫೋಟೋ ಇಡುವ ಹಲಗೆ, ಎಲ್ಲ ಅದರಲ್ಲೇ.

“ನಮ್ಮ ಮನ್ಯಾಗ ಯಾವ ಕದಾನೂ ಸರಿ ಕೂಡಂಗಿಲ್ರಿ,” ಎಂದಿದ್ದಳು ಶೈಲಾ. ಆ ಪಟ್ಟಿ ಈಗ ಎಲ್ಲಿದೆ ಎಂದು ಕೇಳಿದ್ದೆ. ಅಪ್ಪನ ಎದೆಯ ಮೇಲಿಟ್ಟು ಚಿತೆಗೆ ಕಳಿಸಿದೆವು ಎಂದು ಹೇಳಿದ್ದಳು.

ನಾನು ಸ್ಟೀಲ್ ಪಟ್ಟಿಯನ್ನು ಮೇಜಿನ ಮೇಲಿಟ್ಟು ಶ್ರೀಶೈಲರಿಗೆ ನೇರವಾಗಿಯೇ ಹೇಳಿದೆ, ಇದನ್ನು ಮಾಡಿದವನು ಫೌಂಡ್ರಿಯ ಬಡಿಗ.

“ಫ್ರಾನ್ಸಿನ್ಯಾಗ ಫೌಂಡ್ರಿ ಇಲ್ಲೇನ್ರಿ?” ಎಂದರು ಅವರು.

ಜಾಣತನದ ಉತ್ತರ. ಒಪ್ಪಿಕೊಂಡೆ. ಹಾಗಿದ್ದರೆ ಫ್ರಾನ್ಸಿನಿಂದ ಬಂದ ಪಾರ್ಸೆಲ್ಲಿನ ರಸೀದಿ ತೋರಿಸಿ ಎಂದೆ. ಅವರು ಕಿಟಕಿಯ ಕಡೆ ನೋಡಿದರು. ಹೊರಗೆ ಮಾಂಡೋವಿ ಹೊಳೆಯ ಮೇಲೆ ಫೆರಿಯೊಂದು ಸಾವಕಾಶ ದಾಟುತ್ತಿತ್ತು.

ವಿಮಾನವನ್ನು ಎತ್ತಿ ಮಗುಚಿದೆ. ಹೊಟ್ಟೆಯ ಗೆರೆಯ ಗುಂಟ ಉಗುರು ಹಾಕಿ ಎಳೆದರೆ ಮೈ ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಂಡಿತು, ಒಂದರ ಗೂಟ ಇನ್ನೊಂದರ ತೂತಿಗೆ ಕೂರುವ ಹಾಗೆ. ರೆಕ್ಕೆಗಳೂ ಹಾಗೆಯೇ ಕಳಚಿ ಬಂದವು. ಮೂಲೆಗಳಿಗೆಲ್ಲ ಜೇನುಮೇಣ ಸವರಿ ದುಂಡಗೆ ಮಾಡಿದ್ದರು. ಮರಳಿನಿಂದ ಸಲೀಸಾಗಿ ಎತ್ತಲು ಬರಲಿ ಎಂದು ಫೌಂಡ್ರಿಯವರು ಮಾಡುವ ಕೆಲಸ ಅದು. ಗಾಜಿನ ಪೆಟ್ಟಿಗೆಯಲ್ಲಿ ಕೂರುವ ವಿಮಾನಕ್ಕೆ ಅದರ ಅಗತ್ಯ ಏನೂ ಇರಲಿಲ್ಲ.

“ಶ್ರೀಶೈಲ ಅವ್ರ,” ಎಂದೆ, “ಇದನ್ನ ಕದ್ದಾನಂತ ಒಬ್ಬ ಮನಷ್ಯಾ ಹತ್ತೊಂಬತ್ತು ದಿನದಿಂದ ಜೇಲಿನ್ಯಾಗ ಕುಂತಾನ. ನೀವು ಅದಕ್ಕ ಗಾಜಿನ ಪೆಟಗಿ ಮಾಡಿಸಾಕತ್ತೀರಿ.”

ಅವರು ಕುರ್ಚಿಯ ಮೇಲೆ ಕುಸಿದರು. ನನಗೆ ಕನಿಕರ ಬರಲಿಲ್ಲ. ಆ ಕ್ಷಣದಲ್ಲಿ ಆ ಮನುಷ್ಯನನ್ನು ಕಂಡರೆ ನನಗೆ ಬಂದದ್ದು ಬರಿಯ ಸಿಟ್ಟು.

ಆಮೇಲೆ ಬಾಯಿಬಿಟ್ಟರು. ದೇವಲಪ್ಪ ಸತ್ತ ಹನ್ನೆರಡನೇ ದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದಾಗ ಹೊಸ್ತಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಹೆಸರಿಲ್ಲ, ಚೀಟಿಯಿಲ್ಲ. ತೆಗೆದು ನೋಡಿದ ಕೂಡಲೇ ಯಾರ ಕೈಕೆಲಸ ಎಂದು ಗೊತ್ತಾಯಿತು. ಪೊಲೀಸರಿಗೆ ಹೇಳಿದರೆ ವಿಮಾನವನ್ನು ಜಪ್ತಿ ಮಾಡಿ ಯಾವುದೋ ಠಾಣೆಯ ಮೂಲೆಗೆ ಒಗೆಯುತ್ತಾರೆ, ತಮ್ಮನ್ನೂ ಎಳೆಯುತ್ತಾರೆ ಎಂದು ಹೆದರಿ ಫ್ರಾನ್ಸಿನ ಕತೆ ಕಟ್ಟಿದರು.

“ಅಂವಾ ಎಂಟು ತಿಂಗಳ ಮಾಡಿದ್ರಿ ಅದನ್ನ,” ಎಂದರು ಶ್ರೀಶೈಲ. “ಠಾಣೆದಾಗ ಹುಳಾ ತಿನ್ನತಿತ್ತು.”

ಹುಲಿಗೆಪ್ಪನನ್ನು ಏನು ತಿಂದರೂ ಅಡ್ಡಿಯಿರಲಿಲ್ಲ ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೇಳಿದ್ದನ್ನೆಲ್ಲ ಬರೆದು ಸಹಿ ಮಾಡಿ ಎಂದು ಕಾಗದ ಮುಂದಿಟ್ಟೆ. ಹನ್ನೆರಡನೇ ದಿನ ಹುಲಿಗೆಪ್ಪ ಬೀಗದೊಳಗಿದ್ದ. ಪೆಟ್ಟಿಗೆ ತಂದಿಟ್ಟವನು ಅವನಲ್ಲ ಎನ್ನುವುದಕ್ಕೆ ಇಷ್ಟು ಸಾಕು, ಕಳವಿನ ಆರೋಪ ಬಿದ್ದುಹೋದರೆ ಕೊಲೆಗೆ ಪೊಲೀಸರು ಕೊಟ್ಟ ಕಾರಣವೂ ಬೀಳುತ್ತದೆ.

ಅವರು ಬರೆಯುತ್ತ ಕೂತಾಗ ನಾನು ಬಿಚ್ಚಿದ ರೆಕ್ಕೆಗಳನ್ನು ಜೋಡಿಸಲು ಹೋದೆ. ಆಗಲೇ ಕಂಡದ್ದು.

ರೆಕ್ಕೆಗಳ ಮೇಲ್ಭಾಗಕ್ಕೆ ಬಣ್ಣವಿತ್ತು, ಅಡಿ ಬರಿಯ ಮರ. ಬಲಗಡೆಯದು ಹಳೆಯ ತೇಗ, ಕಂದು ಬಣ್ಣ. ಹಿಂದಿನವೂ ತೇಗ. ಮುಂದಿನ ಎಡ ರೆಕ್ಕೆ ಮಾತ್ರ ಹಳದಿ. ಮೂಸಿ ನೋಡಿದೆ. ಹಲಸು. ಒಂದು ಅಂಚಿಗೆ ಮೊಳೆಯ ತೂತೊಂದನ್ನು ಮೇಣದಿಂದ ಮುಚ್ಚಿದ್ದರು, ಅದರ ಸುತ್ತ ಎಷ್ಟು ಉಜ್ಜಿದರೂ ಹೋಗದ ಎಣ್ಣೆ ಜಿಡ್ಡು, ಕುಂಕುಮದ ಕೆಂಪು.

ರೆಕ್ಕೆಯ ಉದ್ದಕ್ಕೂ ಪೆನ್ಸಿಲ್ಲಿನ ಸಣ್ಣ ಗೆರೆಗಳಿದ್ದವು, ಸೆಂಟಿಮೀಟರಿಗೊಂದರಂತೆ. ಹತ್ತು ಗೆರೆಯ ದೂರ ಅಳೆದೆ. ಹತ್ತು ಸೆಂಟಿಮೀಟರ್, ಮೇಲೊಂದು ಮಿಲಿಮೀಟರ್.

ಮತ್ತೊಂದು ರೆಕ್ಕೆ ನೋಡಿ ನಕಲು ಮಾಡಿದವರು ಗೆರೆ ಎಳೆಯುವುದಿಲ್ಲ. ಇದನ್ನು ಫೌಂಡ್ರಿ ಪಟ್ಟಿ ಹಿಡಿದು ಅಳೆದಿದ್ದರು. ಚಿತೆಯಲ್ಲಿ ಸುಟ್ಟಿತೆಂದು ನನಗೆ ಹೇಳಿದ್ದ ಪಟ್ಟಿ.

ನಾನು ರೆಕ್ಕೆಯನ್ನು ಅದರ ಜಾಗಕ್ಕೆ ಒತ್ತಿ ಕೂರಿಸಿದೆ. ಸಹಿಯಾದ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಇಳಿದೆ.

ವಾಸ್ಕೋದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೊಬೈಲಿನಲ್ಲಿ ವಕೀಲರು ಕಳಿಸಿದ್ದ ಪೊಲೀಸ್ ಫೋಟೋಗಳನ್ನು ತೆರೆದೆ. ಸಾವಿನ ಮರುದಿನ ವಿಮಾನಕ್ಕಾಗಿ ಶೈಲಾಳ ಮನೆ ಶೋಧಿಸಿದಾಗ ತೆಗೆದವು. ಮೂರನೆಯದರಲ್ಲಿ ನಡುಮನೆಯ ಗೋಡೆ. ಗೋಡೆಗೆ ಹಳದಿ ಮರದ ಹಲಗೆ, ಅದರ ಮೇಲೆ ದೇವರ ಫೋಟೋಗಳು, ಎಣ್ಣೆ ದೀಪ. ದೇವಲಪ್ಪನ ಅಳತೆಯ ಹಲಗೆ, ಕಿಟಕಿಯ ಚೌಕಟ್ಟಿಗೆ ತಾಗುವಷ್ಟು ಉದ್ದ.

ಅದೇ ದಿನ ಹುಲಿಗೆಪ್ಪನನ್ನು ಹಿಡಿದುಕೊಂಡು ಹೋದದ್ದು.

ಒಂಬತ್ತನೇ ದಿನ ನಾನು ಮೊದಲ ಸಲ ಆ ಮನೆಗೆ ಹೋದಾಗ ಹಲಗೆ ಇರಲಿಲ್ಲ. ಗೋಡೆಯಲ್ಲಿ ನಾಲ್ಕು ತೂತು, ಸುಣ್ಣ ಮಾಸದ ಒಂದು ಬಿಳಿ ಪಟ್ಟೆ. ದೇವರು ಟ್ರಂಕಿನ ಮೇಲೆ ಕೂತಿದ್ದರು. ಸೂತಕ ಐತ್ರಿ, ಅದಕ್ಕ ತಗದೇವಿ ಎಂದಿದ್ದಳು ಶೈಲಾ. ನಾನು ತಲೆಯಾಡಿಸಿ ಅವಳು ಕೊಟ್ಟ ಚಹಾ ಕುಡಿದಿದ್ದೆ.

ಮದುವೆಯಾದ ಮಗಳಿಗೆ ಅಪ್ಪನ ಸೂತಕ ಮೂರೇ ದಿನ. ನನ್ನ ಅಪ್ಪ ಹೋದಾಗ ನಾಲ್ಕನೇ ದಿನ ತಲೆಗೆ ಎರೆದುಕೊಂಡು ದೀಪ ಹಚ್ಚಿದವಳು ನಾನು, ನನಗೆ ಗೊತ್ತಿರಬೇಕಿತ್ತು. ಅಳುವ ಹೆಣ್ಣಿನೆದುರು ನನ್ನ ಪಟ್ಟಿಯೂ ಕುಗ್ಗುತ್ತದೆ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ನಾಚಿಕೆಯಾಯಿತು.

ಜುವಾರಿ ಸೇತುವೆ ದಾಟುವಾಗ ಜೇಲಿನಲ್ಲಿ ಹುಲಿಗೆಪ್ಪ ಹೇಳಿದ್ದು ನೆನಪಾಯಿತು. ಅರ್ಧ ಗಂಟೆ ಕೇಳಿದರೂ ಅವನು ಹೇಳಿದ್ದು ಎರಡೇ ಮಾತು. ಮಾವ ಬಿದ್ರು. ನನ್ನ ಹೆಂಡ್ತಿ ಹೆಸರು ಎಲ್ಲೂ ತರಬ್ಯಾಡ್ರಿ.

ಅವನ ಮೇಲೆ ಕಳವಲ್ಲದೆ ಇನ್ನೂ ಎರಡು ಭಾರವಿದ್ದವು. ಸಾವಿನ ಹಿಂದಿನ ದಿನ ‘ಈ ಮನ್ಯಾಗ ಆ ವಿಮಾನ ಇರಬೇಕು, ಇಲ್ಲಾ ನಾ ಇರಬೇಕು’ ಎಂದು ಮಾವನ ಜೊತೆ ಜಗಳವಾಡಿದ್ದನ್ನು ಪಕ್ಕದ ಮನೆಯ ಧಾಮಿಬಾಯಿ ಕೇಳಿದ್ದಳು. ಮರುದಿನ ಹೆಣದ ಪಕ್ಕ ಅವನೊಬ್ಬನೇ ಕೂತಿದ್ದನ್ನು ಮೊದಲು ನೋಡಿದವಳೂ ಅವಳೇ. ಇನ್ನೊಂದು ಭಾರ, ಮರಣೋತ್ತರ ವರದಿಯಲ್ಲಿತ್ತು. ದೇವಲಪ್ಪನ ಬೆನ್ನಿನ ನಡುವೆ ಅಂಗೈ ಅಗಲದ ಕಂದಿದ ಗಾಯ.

ಸಡಾ ತಲುಪಿದಾಗ ಐದೂವರೆ. ಮೆಟ್ಟಿಲುಗಳ ಮೇಲೆ ಬಂದರಿನ ಪಾಳಿ ಮುಗಿಸಿದ ಗಂಡಸರು ಹತ್ತುತ್ತಿದ್ದರು, ಧೂಳಿನಲ್ಲಿ ಎಲ್ಲರ ಮುಖವೂ ಒಂದೇ ಬಣ್ಣ. ಶೈಲಾ ದಾಬೋಲಿಮ್ ವಿಮಾನ ನಿಲ್ದಾಣದ ಸಫಾಯಿ ಕೆಲಸದಿಂದ ಆಗಷ್ಟೇ ಬಂದಿದ್ದಳು. ನೀಲಿ ಕೋಟನ್ನು ಇನ್ನೂ ತೆಗೆದಿರಲಿಲ್ಲ. ನಾಳೆಗೆ ಏನಾದರೂ ಸಿಕ್ಕಿತೇನ್ರಿ ಎಂದು ಕಣ್ಣಲ್ಲೇ ಕೇಳಿದಳು.

ಮೊಬೈಲಿನಲ್ಲಿ ಪೊಲೀಸರ ಫೋಟೋ ತೆರೆದು ಅವಳ ಮುಂದೆ ಹಿಡಿದೆ, ಆಮೇಲೆ ಗೋಡೆಯ ಬಿಳಿ ಪಟ್ಟೆಯನ್ನು ನೋಡಿದೆ.

ಅವಳು ಒಳಗೆ ಹೋಗಿ ಜೋಳದ ಡ್ರಮ್ಮಿನಲ್ಲಿ ಮೊಣಕೈವರೆಗೆ ಕೈ ಇಳಿಸಿ, ಹಳೆಯ ಧೋತರದ ಚೂರಿನಲ್ಲಿ ಸುತ್ತಿದ್ದ ಒಂದು ವಸ್ತುವನ್ನು ತೆಗೆದಳು. ನಾಲ್ಕು ಮಡಿಕೆಯ ಮರದ ಪಟ್ಟಿ. ಹಿಡಿದು ಹಿಡಿದು ಅಂಕಿಗಳು ಅರ್ಧ ಅಳಿಸಿದ್ದವು.

“ಚಿತಿ ಮ್ಯಾಲ ಇಟ್ಟೆ ಅಂದದ್ದು ಸುಳ್ಳ್ರಿ,” ಎಂದಳು. “ಇಡಾಕ ಕೈ ಬರಲಿಲ್ಲ.”

ತಾನು ಎಂದೂ ಉಳಿ ಮುಟ್ಟಿಲ್ಲ ಎಂದು ನನಗೆ ಹೇಳಿದ್ದೂ ಸುಳ್ಳು. ಚಿಕ್ಕವಳಿದ್ದಾಗಿನಿಂದ ಅಪ್ಪನ ಪಕ್ಕ ಕೂತು ಕೆತ್ತಿದವಳು ಅವಳು, ಆ ವಿಮಾನದ ಹಿಂದಿನ ರೆಕ್ಕೆಗಳು ಪೂರ್ತಿ ಅವಳವೇ. ಅವತ್ತು ಕೆಲಸಕ್ಕೆ ಹೋಗಿದ್ದೆ ಎಂದದ್ದೂ ಸುಳ್ಳು. ಮೂವರೂ ಕೂಡಿಯೇ ಪಣಜಿಯ ಬಸ್ಸಿಗೆ ಹೊರಟಿದ್ದರಂತೆ. ಶೈಲಾ ಮುಂದೆ, ನಡುವೆ ವಿಮಾನವನ್ನು ಎದೆಗವಚಿಕೊಂಡ ದೇವಲಪ್ಪ, ಹಿಂದೆ ಹುಲಿಗೆಪ್ಪ. ಹಿಂದಿನ ದಿನದ ಜಗಳದ ಮೇಲೆ ಮಾವ ಅಳಿಯ ಮಾತು ಬಿಟ್ಟಿದ್ದರು. ಕಲ್ಲು ಸಡಿಲಾದ ಕಡೆ ಹುಷಾರಪ್ಪಾ ಎಂದು ಹೇಳಲು ಅವಳು ಹಿಂತಿರುಗಿದಳು.

“ಅಪ್ಪ ಮುಂದ ಮುಗ್ಗರಿಸಿದ. ಎರಡೂ ಕೈ ನನ್ನ ಕಡೆ ಚಾಚಿದ. ಕೈಯಾಗ ವಿಮಾನ ಇತ್ತು.” ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. “ನಾ ವಿಮಾನ ಹಿಡದೆ, ಅಕ್ಕಾರ.”

ಹೊರಗೆ ಧಾಮಿಬಾಯಿ ಯಾರನ್ನೋ ಕರೆಯುತ್ತಿದ್ದಳು. ನಾನು ಕುರ್ಚಿಯ ಮೇಲೆ ಕೂತೆ.

ಎಡ ರೆಕ್ಕೆ ಅವಳ ಮುಷ್ಟಿಯಲ್ಲೇ ಮುರಿಯಿತಂತೆ. ಅಪ್ಪ ಅವಳ ಪಕ್ಕದಿಂದಲೇ ಕೆಳಗೆ ಉರುಳಿ ಹೋದ. ಹುಲಿಗೆಪ್ಪ ಓಡಿ ಇಳಿದು ಹೆಣ ನೋಡಿ, ಮೇಲೆ ಬಂದು, ನೀನು ವಿಮಾನ ತಗೊಂಡು ಹಿಂದಿನ ದಾರಿಯಿಂದ ಮನೆಗೆ ಹೋಗು, ನೀನು ಇಲ್ಲಿ ಇರಲೇ ಇಲ್ಲ ಎಂದು ಹೇಳಿ ಕಳಿಸಿದ. ಅವಳು ವಿಮಾನದ ಹೋಳುಗಳನ್ನು ಬಿಚ್ಚಿ ಜೋಳದಲ್ಲಿ ಹೂತಿಟ್ಟಳು. ಪೊಲೀಸರು ಅದೇ ಡ್ರಮ್ಮಿನ ಮುಚ್ಚಳದ ಮೇಲೆ ಕಾಗದ ಇಟ್ಟು ಪಂಚನಾಮೆ ಬರೆದರು. ಅಪ್ಪ ಒಪ್ಪಿಕೊಂಡ ಕೆಲಸ ಮುರಿದೇ ಉಳಿಯಬಾರದೆಂದು, ಮನೆಯಲ್ಲಿದ್ದ ಒಳ್ಳೆಯ ಮರ ಅದೊಂದೇ ಎಂದು, ದೇವರನ್ನು ಕೆಳಗಿಳಿಸಿ ಹಲಗೆ ಕಿತ್ತಳು. ಅದರಲ್ಲಿ ರೆಕ್ಕೆ ಕೆತ್ತಿ, ವಿಮಾನವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಶ್ರೀಶೈಲರ ಅಂಗಡಿಯ ಹೊಸ್ತಿಲಿಗೆ ತಲುಪಿಸಿದವಳೂ ಅವಳೇ.

ಇದು ಆಕಸ್ಮಿಕ, ಹಾಗಾದರೆ ಇಬ್ಬರೂ ಉಳಿದರು ಎಂದು ನಾನು ಒಂದು ಉಸಿರು ಬಿಟ್ಟೆ. ಆಮೇಲೆ ಬೆನ್ನ ಮೇಲಿನ ಗಾಯ ನೆನಪಾಯಿತು.

“ಶೈಲಾ,” ಎಂದೆ, “ಹುಲಿಗೆಪ್ಪನ ಕೈ ನಿಮ್ಮಪ್ಪನ ಬೆನ್ನ ಮ್ಯಾಲ ಇತ್ತೇನು?”

“ಇತ್ರಿ.”

“ನೂಕಿದನೇನು?”

“ಗೊತ್ತಿಲ್ರಿ. ಅಂಗಿ ಹಿಡಿಯಾಕ ಚಾಚಿದ್ರೋ, ನೂಕಾಕ ಚಾಚಿದ್ರೋ. ನಾ ವಿಮಾನ ನೋಡಾಕತ್ತಿದ್ದೆ.”

ಅವಳನ್ನು ಅಲ್ಲಿಂದ ಕಳಿಸಿದ್ದು ಕಾಯಲಿಕ್ಕೋ, ಕಂಡ ಒಬ್ಬಳೇ ಸಾಕ್ಷಿಯನ್ನು ಇಲ್ಲವಾಗಿಸಲಿಕ್ಕೋ? ಆ ಪ್ರಶ್ನೆ ಅವಳಿಗೂ ಹೊಳೆದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇಪ್ಪತ್ತು ದಿನ ಅದರ ಜೊತೆಗೇ ಉಂಡು, ಮಲಗಿ, ಕೆಲಸಕ್ಕೆ ಹೋಗಿ ಬಂದಿದ್ದಳು. ಆ ವಿಮಾನದಲ್ಲಾದರೂ ಹಿಂದೆ ನೋಡಲು ಒಬ್ಬನನ್ನು ಕೂರಿಸಿದ್ದರು.

ನನ್ನ ಚೀಲದಲ್ಲಿ ಶ್ರೀಶೈಲರ ಸಹಿಯ ಕಾಗದವಿತ್ತು. ನಾಳೆ ಹನ್ನೊಂದಕ್ಕೆ ಅದನ್ನು ವಕೀಲರ ಕೈಗೆ ಕೊಟ್ಟರೆ ನೂಕಿದವನೇ ಆಗಿದ್ದರೂ ಸಂಜೆಯೊಳಗೆ ಹುಲಿಗೆಪ್ಪ ಈ ಹೊಸ್ತಿಲು ದಾಟಿ ಒಳಗೆ ಬರುತ್ತಾನೆ. ಕೊಡದಿದ್ದರೆ, ಮಾವನನ್ನು ಹಿಡಿಯಲು ಕೈ ಚಾಚಿದವನೇ ಆಗಿದ್ದರೂ ಕೊಲೆಗಾರನಾಗಿ ಕೊಳೆಯುತ್ತಾನೆ. ಅಳೆದು ಹೇಳಲು ನನ್ನ ಬಳಿ ಯಾವ ಪಟ್ಟಿಯೂ ಇರಲಿಲ್ಲ.

ಶೈಲಾ ಅಪ್ಪನ ಪಟ್ಟಿಯನ್ನು ಬಿಚ್ಚಿ ಗೋಡೆಯ ಬಿಳಿ ಪಟ್ಟೆಯ ಮೇಲೆ ಹಿಡಿದಳು. ಹೊಸ ಹಲಗೆಗೆ ಗುರುತು ಹಾಕಬೇಕಂತೆ, ಗಂಡ ಬರುವುದರೊಳಗೆ ದೇವರು ಮೇಲೆ ಕೂರಬೇಕಂತೆ. ಎರಡು ಗೆರೆ ಎಳೆದಳು.

ನಾಳೆ ಆ ಕಾಗದ ಕೊಡಲೋ ಬೇಡವೋ, ನೀನೇ ಹೇಳು ಎಂದು ಕೇಳಿದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಯಾರನ್ನೂ ಹಾಗೆ ಕೇಳಿದವಳಲ್ಲ.

“ಕೊಡ್ರಿ,” ಎಂದಳು ಶೈಲಾ, ಗೋಡೆಯಿಂದ ಮುಖ ತಿರುಗಿಸದೆ. “ಮನಿಗಿ ಬರಲಿ. ಕದಾ ಹಾಕ್ಕೊಂಡು ನಾನಽ ಕೇಳತೀನಿ.”